ಆರಿಸದೆ ಬಿಟ್ಟ ಕಲ್ಲು

ಫೋನನ್ನು ಅವಳು ಬುತ್ತಿ ಡಬ್ಬಿಯ ಕೆಳಗೆ, ಟವಲಿನಲ್ಲಿ ಎರಡು ಸುತ್ತು ಸುತ್ತಿ ಇಟ್ಟಿದ್ದಳು. ಸುತ್ತಿಟ್ಟರೆ ಅದು ಬಡಿದುಕೊಳ್ಳುವುದಿಲ್ಲ ಎಂದೇನಲ್ಲ. ಬಡಿದುಕೊಂಡರೆ ತನಗೊಬ್ಬಳಿಗೆ ಕೇಳಲಿ ಎಂದು. ಬಸ್ಸು ತಿರುವಿನಲ್ಲಿ ವಾಲಿದಾಗೆಲ್ಲ ಚೀಲವನ್ನು ಹೊಟ್ಟೆಗೆ ಅವುಚಿಕೊಳ್ಳುತ್ತಿದ್ದಳು. ಬುಧವಾರ. ಹನ್ನೊಂದು ಗಂಟೆಗೆ ಮತ್ತೆ ಮಾಡ್ತೀನಿ ಎಂದು ಆ ದನಿ ಹೇಳಿತ್ತು, ಈಗಿನ್ನೂ ಎಂಟೂಕಾಲು. ಎದುರಿನ ಸೀಟಿನ ಬೆನ್ನಿಗೆ ಅಂಟಿಸಿದ್ದ ವೇಳಾಪಟ್ಟಿಯಲ್ಲಿ ಆರು ನಲವತ್ತರ ಕೆಳಗೆ ಆರು ಮೂವತ್ತೈದು ಎಂದಿತ್ತು. ತಪ್ಪು. ನಾಲ್ಕು ವರ್ಷದಿಂದ ಆ ತಪ್ಪು ಅವಳ ಮುಂದೆಯೇ ಕೂತು ಪ್ರಯಾಣ ಮಾಡುತ್ತಿದೆ. ಎರಡು ಸಲ ಡ್ರೈವರಿಗೆ ಹೇಳಿದ್ದಾಳೆ, ಒಂದು ಸಲ ಕಂಡಕ್ಟರಿಗೆ. "ನಿಮಗೆ ಬಸ್ ಸಿಕ್ತು ತಾನೆ?" ಎಂದಿದ್ದ ಅವನು, ಸುತ್ತಲಿನವರು ನಕ್ಕಿದ್ದರು. ಅವತ್ತು ಅವಳಿಗೆ ನಾಚಿಕೆಯಾಗಿತ್ತು, ಆದರೆ ತಾನು ಹೇಳಿದ್ದು ಸರಿ ಎಂಬ ಸಣ್ಣ ಬಿಸುಪೂ ಎದೆಯಲ್ಲಿತ್ತು. ಇವತ್ತು ಅದೇ ಅಂಕಿಗಳನ್ನು ಕಂಡೊಡನೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡಿರಲಾರದ ಈ ಚಾಳಿಯೇ ಅಲ್ಲವೆ ಸೋಮವಾರ ಸಂಜೆ ಅಣ್ಣನ ಅನ್ನಕ್ಕೆ ಕುತ್ತು ತಂದದ್ದು.

ಅವತ್ತು ಒಲೆಯ ಮೇಲೆ ಹಾಲಿತ್ತು. ಮುಂದಿನ ಕೋಣೆಯಲ್ಲಿ ಅಣ್ಣ ಬೆತ್ತದ ಸೀಳುಗಳನ್ನು ತೊಟ್ಟಿಯ ನೀರಿನಲ್ಲಿ ನೆನೆಹಾಕುತ್ತಿದ್ದ. ಹುಟ್ಟಿದಾಗಿನಿಂದ ಕಣ್ಣು ಕಾಣದ ಅಣ್ಣ, ಬೆರಳುಗಳಿಂದಲೇ ಕುರ್ಚಿ ಹೆಣೆದು ಊರಿನ ಅರ್ಧ ಜನರನ್ನು ಕೂರಿಸಿದವನು. ಅವನಿಗೆ ಸರ್ಕಾರದಿಂದ ತಿಂಗಳಿಗೊಮ್ಮೆ ಬರುವ ಭತ್ಯೆಯ ಕಾರ್ಡು ಅವಳ ಬಳಿ. ಕೊಡುವಾಗ, "ನನ್ನ ಕಣ್ಣು ನಿನ್ನ ಹತ್ರ ಇಟ್ಟಿದೀನಿ ತಂಗೀ, ಮಿಟುಕಿಸಬೇಡ" ಎಂದು ನಕ್ಕಿದ್ದ. ಆಗ ಫೋನು ಬಂತು. ಭತ್ಯೆ ಕಚೇರಿಯಿಂದ ಎಂದಿತು ದನಿ, ಅಣ್ಣನ ಹೆಸರನ್ನೂ ಹೇಳಿತು. ಹಿಂದೆ ಟೈಪು ಮಾಡುವ ಸದ್ದು, ಯಾರೋ ಕಡತ ಕೇಳುವ ಸದ್ದು. ಮರುನೋಂದಣಿ ಬಾಕಿ ಇದೆಯಂತೆ, ವಾರದೊಳಗೆ ಆಗದಿದ್ದರೆ ಭತ್ಯೆ ನಿಲ್ಲುತ್ತದಂತೆ. "ನೀವೇನೂ ಹೇಳೋದು ಬೇಡ ಮೇಡಂ, ಯಾರಿಗೂ ಹೇಳಲೂಬಾರದು, ಕಾಲ ಕೆಟ್ಟಿದೆ. ನಾನೇ ಓದ್ತೀನಿ. ತಪ್ಪಿದ್ರೆ ಮಾತ್ರ ಹೇಳಿ." ಓದಿದ. ಕಾರ್ಡಿನ ಹತ್ತು ಅಂಕಿಯಲ್ಲಿ ಮೊದಲ ನಾಲ್ಕು ಊರಿನವರಿಗೆಲ್ಲ ಒಂದೇ, ಅವು ಸರಿಯಿದ್ದವು. ಐದನೆಯದು ತಪ್ಪು. "ಅಲ್ಲ" ಎಂದಳು ಅವಳು, ಹಾಲು ಕಲಕುತ್ತಲೇ ಸರಿಯಾದ ಅಂಕಿ ಹೇಳಿದಳು. ಆರನೆಯದೂ ತಪ್ಪು. ಏಳನೆಯದೂ, ಹತ್ತನೆಯದರವರೆಗೂ ಹಾಗೇ. ಒಂದೊಂದು ತಪ್ಪಿಗೂ ಅವಳ ನಾಲಿಗೆ ಹುಳ ಕಂಡ ಕೋಳಿಯ ಹಾಗೆ ಮುನ್ನುಗ್ಗುತ್ತಿತ್ತು. ಕೊನೆಗೆ ಆ ದನಿ, "ನಮ್ಮ ಹಳೇ ದಾಖಲೆ ಎಷ್ಟು ಹದಗೆಟ್ಟಿದೆ ನೋಡಿ. ನಿಮ್ಮಂಥವರು ಇರೋದ್ರಿಂದ ಬಚಾವು ಮೇಡಂ. ಬುಧವಾರ ಹನ್ನೊಂದಕ್ಕೆ ನಿಮ್ಮ ಫೋನಿಗೆ ಆರು ಅಂಕಿ ಬರುತ್ತೆ, ಅದನ್ನೂ ಹೀಗೇ ತಾಳೆ ನೋಡಿಬಿಡೋಣ" ಎಂದಿತು. ಹಾಲು ಉಕ್ಕಲಿಲ್ಲ. ಉಕ್ಕಿದ್ದು ಅವಳೇ. ಫೋನಿಟ್ಟ ಮೇಲೂ ನಿಮ್ಮಂಥವರು, ನಿಮ್ಮಂಥವರು ಎಂದು ಒಳಗೊಳಗೇ ಚಪ್ಪರಿಸಿದ್ದಳು. ಈಗ ನೆನೆದರೆ ಮೋಸ ಹೋದದ್ದಕ್ಕಿಂತ ಆ ಚಪ್ಪರಿಸಿದ್ದೇ ಹೆಚ್ಚು ನಾಚಿಕೆ.

ಅವಳು ಕೆಲಸ ಮಾಡುವುದು ಔಷಧದ ಪೆಟ್ಟಿಗೆಗಳಿಗೆ ಲೇಬಲ್ಲು ಅಚ್ಚು ಹಾಕುವ ಮುದ್ರಣಾಲಯದಲ್ಲಿ, ತಾಳೆ ನೋಡುವ ಕೋಣೆಯಲ್ಲಿ. ಕೋಣೆಯೆಂದರೆ ಮೂರು ಕಡೆ ಗಾಜು, ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಮಿಣಿಮಿಣಿ ಎನ್ನುವ ಒಂದು ಟ್ಯೂಬ್‌ಲೈಟು. ಎದುರು ಕುರ್ಚಿಯವಳು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾಳೆ. ಇವಳು ಅಚ್ಚಾದ ಕರಡಿನ ಮೇಲೆ ಕೆಂಪು ಪೆನ್ಸಿಲು ಓಡಿಸುತ್ತಾಳೆ. ಇಪ್ಪತ್ತೆಂಟು ವರ್ಷದಿಂದ ಓದುತ್ತಿರುವ ಆಕೆಗೆ ಎಲ್ಲರೂ ಓದಮ್ಮ ಎನ್ನುತ್ತಿದ್ದರು, ಇವಳಿಗೆ ಭೂತಗನ್ನಡಿ. ಆ ಕೋಣೆಗೊಂದು ಹಳೆಯ ಪದ್ಧತಿಯಿತ್ತು. ಗಂಟೆಗಟ್ಟಲೆ ಅಂಕಿ ಕೇಳುತ್ತ ಕೂತವರಿಗೆ ಕಣ್ಣು ತೆರೆದೇ ಜೊಂಪು ಹತ್ತುತ್ತದೆ. ಅದಕ್ಕೆ ಓದುವವರು ನಡುನಡುವೆ ಬೇಕೆಂದೇ ಒಂದು ಅಂಕಿ ತಪ್ಪು ಓದುತ್ತಾರೆ. ಅದಕ್ಕೆ ಕಲ್ಲು ಹಾಕುವುದು ಎಂದು ಹೆಸರು. ನೋಡುವವರು ಥಟ್ಟನೆ ತಮ್ಮ ಹಾಳೆಯಲ್ಲಿರುವ ಅಂಕಿಯನ್ನು ಕೂಗಿ ಹೇಳಬೇಕು. ಹೇಳಿದರೆ ಎಚ್ಚರವಿದ್ದಾರೆ ಎಂದರ್ಥ, ಓದು ಮುಂದುವರಿಯುತ್ತದೆ. ಹೇಳದಿದ್ದರೆ ಓದಮ್ಮ ಮೂಲಪ್ರತಿ ಕೆಳಗಿಟ್ಟು, "ಮುಖ ತೊಳ್ಕೊಂಡು ಬಾ" ಎನ್ನುತ್ತಾಳೆ. ಹನ್ನೆರಡು ವರ್ಷದಲ್ಲಿ ಅವಳು ಮುಖ ತೊಳೆಯಲು ಹೋದದ್ದಿಲ್ಲ. ನಿನ್ನೆ ಸಂಜೆ ನಾಲ್ಕಕ್ಕೆ, ಕೆಮ್ಮಿನ ಔಷಧದ ಲೇಬಲ್ಲು ನೋಡುವಾಗ, ಓದಮ್ಮ ಎಂದಿನ ರಾಗದಲ್ಲಿ, "ನಾಲ್ಕು, ಸೊನ್ನೆ, ಒಂಬತ್ತು, ಗೆರೆ, ಐದು" ಎಂದಳು. "ಎರಡು" ಎಂದಳು ಇವಳು. "ಕಲ್ಲು" ಎಂದು ಓದಮ್ಮ ಮುಂದೆ ಹೋದಳು. ಇವಳು ಹೋಗಲಿಲ್ಲ. ಪೆನ್ಸಿಲು ನಿಂತುಬಿಟ್ಟಿತು. ಆ ದನಿ ಓದಿದ ರಾಗ ಇದೇ ಅಲ್ಲವೆ? ಒಂದಲ್ಲ, ಎರಡಲ್ಲ, ಆರು ಕಲ್ಲು. ಆರನ್ನೂ ಆರಿಸಿ ಅವನ ಬೊಗಸೆಗೆ ಹಾಕಿಕೊಟ್ಟಿದ್ದಾಳೆ.

ಭತ್ಯೆ ಕಚೇರಿಯ ಬಾಗಿಲು ಮಧ್ಯಾಹ್ನ ಒಂದಕ್ಕೇ ಹಾಕುತ್ತಾರೆ. ನಿನ್ನೆ ಸಂಜೆ ಅವಳು ಮಾಡುವಂಥದ್ದು ಏನೂ ಇರಲಿಲ್ಲ. ಅಣ್ಣನಿಗೆ ಹೇಳುವುದೊಂದು ಇತ್ತು, ಅದನ್ನೂ ಮಾಡಲಿಲ್ಲ. ಊಟಕ್ಕೆ ಕೂತಾಗ ಬಾಯಿ ತೆರೆದಳು. "ಏನೋ ಹೇಳೋಕೆ ಹೊರಟೆ" ಎಂದ ಅಣ್ಣ. "ಉಪ್ಪು ಸಾಕಾ ಅಂತ" ಎಂದಳು. ಅವನು ಹಿಡಿದಿದ್ದ ತುತ್ತನ್ನು ಬಾಯಿಗಿಟ್ಟು ಅಗಿದ. ಆಮೇಲೆ, "ಸಾಕು" ಎಂದ.

ಈಗ ಒಂಬತ್ತೂವರೆ. ಓದಮ್ಮ ಮಾತ್ರೆಯ ಪಟ್ಟಿಯೊಂದನ್ನು ಬಿಡಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಇವಳ ಚೀಲ ಮೇಜಿನ ಕೆಳಗೆ, ಕಾಲಿಗೆ ಒರಗಿಕೊಂಡು, ಕಾಯಿಲೆಯ ಬೆಕ್ಕಿನ ಹಾಗೆ ಬೆಚ್ಚಗಿತ್ತು. ಓದು ಶುರುವಾಯಿತು. ಮೂರನೆಯ ಸಾಲಿನಲ್ಲಿ ಓದಮ್ಮ ಕಲ್ಲು ಹಾಕಿದಳು. ಇವಳು ಹೇಳಲಿಲ್ಲ. ಕಾಣದೆ ಅಲ್ಲ, ಕಂಡಿತ್ತು. ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಓದಮ್ಮ ತಲೆಯೆತ್ತಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಮುಖ ತೊಳ್ಕೊಂಡು ಬಾ ಎನ್ನಲಿಲ್ಲ. "ಏನೇ ಆಯ್ತು?" ಎಂದಳು.

ಹೇಳಿದಳು. ಮೇಜಿನ ಮೇಲಿದ್ದ ಕೆಂಪು ಪೆನ್ಸಿಲಿಗೆ ಹೇಳುವಂತೆ, ತಲೆಯೆತ್ತದೆ, ಹಾಲು ಕಲಕುತ್ತಿದ್ದದ್ದನ್ನೂ ಬಿಡದೆ ಹೇಳಿದಳು. ಚಪ್ಪರಿಸಿದ್ದನ್ನು ಮಾತ್ರ ಬಿಟ್ಟಳು. ಆಮೇಲೆ ಅದನ್ನೂ ಹೇಳಿದಳು.

ಓದಮ್ಮ ಕನ್ನಡಕ ಏರಿಸಿಕೊಂಡಳು. "ಅವನು ನನಗಿಂತ ಚೆನ್ನಾಗಿ ಓದ್ತಾನಾ?"

"ನಿಮ್ಮ ಹಾಗೇ ಓದ್ತಾನೆ."

"ಹಾಳಾಗಿ ಹೋಗ. ಇಪ್ಪತ್ತೆಂಟು ವರ್ಷ ನಾನು ಗಂಟಲು ಹರ್ಕೊಂಡಿದ್ದು ಅವನ ಉಪಯೋಗಕ್ಕೆ." ಆಮೇಲೆ ದನಿ ತಗ್ಗಿಸಿ, "ಒಂದು ಮಾತು ತಿಳ್ಕೋ. ಕಲ್ಲು ಹಾಕೋಳು ನಾನು, ಆರಿಸೋಳು ನೀನು. ನೀನು ಆರಿಸದೆ ಹೋದ್ರೆ ಆ ಕಲ್ಲು ಎಲ್ಲಿರುತ್ತೆ? ನನ್ನ ಬಾಯಲ್ಲೇ ಇರುತ್ತೆ. ಹಾಕಿದವರೇ ಕಡೀಬೇಕು ಅದನ್ನ. ಹೋಗು, ಮೇಸ್ತ್ರಿ ಹತ್ರ ರಜ ಕೇಳು. ಭತ್ಯೆ ಕಚೇರಿಗೆ ನಡೆದೇ ಹೋಗು, ಬಸ್ ಕಾಯಬೇಡ" ಎಂದಳು.

ಮೇಸ್ತ್ರಿ ಕತ್ತರಿಸುವ ಯಂತ್ರದ ಪಕ್ಕ ನಿಂತಿದ್ದ. ಆ ಯಂತ್ರದ ಬಳಿ ಹೋಗುವುದೆಂದರೆ ಅವಳಿಗೆ ಇವತ್ತಿಗೂ ಕಾಲು ಭಾರ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಕಣ್ಣಿನ ಹನಿಯ ಸೀಸೆಯ ಲೇಬಲ್ಲಿನಲ್ಲಿ ಎಂಟಿದ್ದ ಕಡೆ ಮೂರು ಅಚ್ಚಾಗಿ ಹೋಗಿತ್ತು. ಅದು ಕಲ್ಲಲ್ಲ, ನಿಜವಾದ ತಪ್ಪು, ಅವಳ ಪೆನ್ಸಿಲಿನ ಕೆಳಗೇ ನುಸುಳಿ ಹೋಗಿತ್ತು. ಹನ್ನೆರಡು ಸಾವಿರ ಲೇಬಲ್ಲನ್ನು ಅವಳ ಕೈಯಿಂದಲೇ ಒಂದೊಂದು ಕಟ್ಟು ಈ ಯಂತ್ರಕ್ಕೆ ಹಾಕಿಸಿ ಚೂರು ಮಾಡಿಸಿದ್ದ ಮೇಸ್ತ್ರಿ. ಬೈದಿರಲಿಲ್ಲ. ಬೈದಿದ್ದರೆ ಮರೆಯಬಹುದಿತ್ತು. ಚೂರುಗಳು ಬಿಳಿ ಹೊಟ್ಟಿನ ಹಾಗೆ ಮೊಣಕಾಲಿನವರೆಗೆ ಬಂದಿದ್ದವು.

"ಎರಡು ಗಂಟೆ ರಜ ಬೇಕಿತ್ತು."

"ಯಾರಿಗೆ ಹುಷಾರಿಲ್ಲ?"

ಅಣ್ಣನಿಗೆ ಜ್ವರ ಎಂಬ ಮಾತು ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಬಸ್ಸಿನಲ್ಲೇ ಮಡಿಸಿ ಇಟ್ಟುಕೊಂಡದ್ದು. "ಎಲ್ರೂ ಚೆನ್ನಾಗಿದ್ದಾರೆ" ಎಂದಳು. "ನಾನೊಂದು ತಪ್ಪು ಮಾಡಿದೀನಿ. ಇಲ್ಲಿ ಅಲ್ಲ, ಮನೇಲಿ."

ಮೇಸ್ತ್ರಿ ಯಂತ್ರ ನಿಲ್ಲಿಸಿದ. ಸದ್ದು ನಿಂತ ಮೇಲೆ ಅವಳ ಮಾತು ಇನ್ನೂ ಅಲ್ಲೇ ನಿಂತಿದ್ದಂತೆ ಅನಿಸಿತು. "ಅಚ್ಚಾಗಿ ಹೋಯ್ತಾ, ಇಲ್ಲ ಇನ್ನೂ ಕರಡಲ್ಲೇ ಇದೆಯಾ?" ಎಂದ.

"ಹನ್ನೊಂದರ ತನಕ ಕರಡು."

"ಮತ್ತೆ ನನ್ನ ಮುಖ ಯಾಕೆ ನೋಡ್ತಾ ನಿಂತಿದ್ದೀಯ?"

ರಸ್ತೆಗೆ ಬಿದ್ದಾಗ ಹತ್ತು ಗಂಟೆ ದಾಟಿತ್ತು. ಬೀಗ ರಿಪೇರಿಯವನ ಅಂಗಡಿ, ಕನ್ನಡಕದ ಅಂಗಡಿ, ಬಾಗಿಲು ಮುಚ್ಚಿದ ಸಿನಿಮಾ ಮಂದಿರ, ಆಮೇಲೆ ಅವಳು ಮೂರು ವರ್ಷ ಸಂಜೆ ತರಗತಿಗೆ ಹೋದ ಶಾಲೆ. ಗೇಟಿನಾಚೆ ಚಿಕ್ಕ ಮಕ್ಕಳು ಗಲಾಟೆ ಮಾಡುತ್ತಿದ್ದವು. ಆ ಮಕ್ಕಳ ಬೆಂಚಿನಲ್ಲೇ, ಮೊಣಕಾಲು ಮೇಜಿಗೆ ತಾಗಿಸಿಕೊಂಡು, ಮೂವತ್ತೊಂದನೆಯ ವಯಸ್ಸಿನಲ್ಲಿ ಅವಳು ಪರೀಕ್ಷೆ ಬರೆದಿದ್ದಳು. ಮೇಷ್ಟ್ರು ಕೇಳಿದ ಪ್ರಶ್ನೆಗೆಲ್ಲ ಕೈ ಎತ್ತುತ್ತಿದ್ದಳು. ಕೈಮರ ಎಂದು ಹೆಸರಿಟ್ಟಿದ್ದರು ಹಿಂದಿನ ಬೆಂಚಿನವರು. ಹಗಲೆಲ್ಲ ದುಡಿದು ಬಂದವರ ನಡುವೆ ಒಬ್ಬಳೇ ಕೈ ಎತ್ತುವುದು ಸೊಕ್ಕಿನಂತೆ ಕಾಣುತ್ತಿತ್ತೋ ಏನೋ. ಸೊಕ್ಕಲ್ಲ ಅದು, ಹೆದರಿಕೆ. ಸುಮ್ಮನಿದ್ದರೆ ಗೊತ್ತಿಲ್ಲ ಎಂದುಕೊಂಡುಬಿಡುತ್ತಾರೆ ಎಂಬ ಹೆದರಿಕೆ. ಒಂದು ದಿನ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, "ನಿನಗೆ ಗೊತ್ತು ಅಂತ ನನಗೆ ಗೊತ್ತಮ್ಮ. ಕೈ ಇಳಿಸು. ಕೇಳಿದ್ದಕ್ಕೆಲ್ಲ ಉತ್ತರ ಕೊಡಲೇಬೇಕು ಅಂತ ಯಾರು ಹೇಳಿದ್ದು?" ಎಂದಿದ್ದರು. ಅವತ್ತು ಮನೆಗೆ ಹೋಗಿ ಅತ್ತಿದ್ದಳು. ಇವತ್ತು ಅದೇ ಗೇಟಿನ ಮುಂದೆ ಒಂದು ಕ್ಷಣ ಕಾಲು ತಡೆಯಿತು. ಮೇಷ್ಟ್ರು ಹಂಗಿಸಿದ್ದಲ್ಲ, ಕಲಿಸಿದ್ದು ಎಂದು ಹನ್ನೊಂದು ವರ್ಷದ ಮೇಲೆ, ಬೆವರು ಒರೆಸಿಕೊಳ್ಳುತ್ತ, ಅವಳಿಗೆ ಹೊಳೆಯಿತು. ಗಡಿಯಾರ ನೋಡಿಕೊಂಡು ಓಡುನಡಿಗೆ ಹಾಕಿದಳು.

ಭತ್ಯೆ ಕಚೇರಿಯಲ್ಲಿ ಎರಡೇ ಕಿಟಕಿ. ಒಂದಕ್ಕೆ ರಟ್ಟು ಅಡ್ಡ ಇಟ್ಟಿದ್ದರು. ಇನ್ನೊಂದರ ಮುಂದೆ ಹದಿನಾಲ್ಕು ಜನ. ಅವಳ ಮುಂದೆ ಮಡಿಸಿದ ಕೊಡೆ ಹಿಡಿದ ಒಬ್ಬ ಮುದುಕ, ಹಿಂದೆ ಊರುಗೋಲಿನ ಹೆಂಗಸು. ಗಾಜಿನಾಚೆ ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡ ಗುಮಾಸ್ತೆಗೆ ನೆಗಡಿ. ಪ್ರತಿಯೊಬ್ಬರಿಗೂ, "ಜೋರಾಗಿ ಹೇಳಿ, ಕೇಳಿಸಲ್ಲ" ಎನ್ನುತ್ತಿದ್ದಳು, ಅವರು ಹೆಸರು, ಸಂಖ್ಯೆ, ಹುಟ್ಟಿದ ತಾರೀಖುಗಳನ್ನು ಸಂತೆಯಲ್ಲಿ ಕೂಗಿದಂತೆ ಕೂಗುತ್ತಿದ್ದರು. ಅವಳ ಕಿವಿ, ಅವಳಿಗೆ ಬೇಡವಾದರೂ, ಒಂದೊಂದು ಸಂಖ್ಯೆಯನ್ನೂ ಹಿಡಿದು ಸಾಲಾಗಿ ಜೋಡಿಸುತ್ತಿತ್ತು. ಹೀಗೆ ಇಲ್ಲೇ ಮೂಲೆಯಲ್ಲಿ ಯಾರಾದರೂ ಕೂತು ಬರೆದುಕೊಂಡರೆ? ಊರುಗೋಲಿನವಳು ಹಿಂದಿನಿಂದ ತಿವಿದು, "ಸಾಲು ಮುಂದೆ ಹೋಯ್ತಲ್ಲಮ್ಮ" ಎಂದಳು. ಈಗ ಅವಳ ಮುಂದೆ ಮುದುಕನೂ ಇನ್ನಿಬ್ಬರೂ.

ಸರಿಯಾಗಿ ಹನ್ನೊಂದಕ್ಕೆ ಡಬ್ಬಿಯ ಕೆಳಗೆ ಫೋನು ನರಳಿತು. ಕಳ್ಳನಿಗೂ ಕಾಲನಿಷ್ಠೆ. ಟವಲು ಬಿಚ್ಚುವ ಅವಸರಕ್ಕೆ ಡಬ್ಬಿ ಜಾರಿತು, ಊರುಗೋಲಿನವಳು ಹಿಡಿದುಕೊಟ್ಟಳು. ಪರದೆಯ ಮೇಲೆ ಆರು ಅಂಕಿ ಬಂದು ಕೂತಿದ್ದವು. ಕೆಳಗೆ, ಇವನ್ನು ಯಾರಿಗೂ ತಿಳಿಸಬೇಡಿ ಎಂದು. ಓದದೆ ಇರೋಣ ಎಂದುಕೊಳ್ಳುವಷ್ಟರಲ್ಲಿ ಓದಿಯಾಗಿತ್ತು. ನೋಡಿದ್ದನ್ನು ಓದುವುದು, ಓದಿದ್ದನ್ನು ಮರೆಯದಿರುವುದು, ಅದಕ್ಕೇ ಅವಳಿಗೆ ಸಂಬಳ. ಮತ್ತೆ ನರಳಿತು. ಎತ್ತಿದಳು.

"ನಮಸ್ಕಾರ ಮೇಡಂ, ಆರು ಅಂಕಿ ಬಂತಲ್ಲ? ನೀವು ಹೇಳೋದೇ ಬೇಡ. ನಾನೇ ಓದ್ತೀನಿ. ಎರಡು, ಎರಡು, ಐದು, ಒಂಬತ್ತು, ಸೊನ್ನೆ, ಒಂದು. ಅಲ್ವಾ?"

ಒಂದೂ ಸರಿಯಿರಲಿಲ್ಲ. ಆರಕ್ಕೆ ಆರೂ ತಪ್ಪು. ಅವಳ ಬಾಯೊಳಗೆ ಸರಿಯಾದ ಆರು ಅಂಕಿಗಳು ಬಾಗಿಲು ತೆರೆಯುವುದನ್ನೇ ಕಾಯುವ ಕರುಗಳ ಹಾಗೆ ಒಂದರ ಮೇಲೊಂದು ಒತ್ತಿ ನಿಂತವು. ಹಲ್ಲು ಕಚ್ಚಿದಳು. ಮುದುಕನ ಕೊಡೆಯ ತುದಿಯಿಂದ ನೆಲದ ಮೇಲೆ ಒಂದು ಸಣ್ಣ ಗೀರು ಬಿದ್ದಿತ್ತು, ಅದನ್ನೇ ನೋಡಿದಳು. ತಪ್ಪೊಂದು ತನ್ನ ಮುಂದೆ ಬೆತ್ತಲೆ ನಿಂತಿದೆ, ತಾನು ಅದಕ್ಕೆ ಬಟ್ಟೆ ತೊಡಿಸುತ್ತಿಲ್ಲ. ಇಂಥದ್ದು ಅವಳ ಜೀವನದಲ್ಲಿ ಎಂದೂ ಆಗಿರಲಿಲ್ಲ. ಕಿವಿ ಬಿಸಿಯಾಯಿತು, ಕಣ್ಣಲ್ಲಿ ನೀರು ಬಂತು.

"ಮೇಡಂ? ತಪ್ಪಿದ್ರೆ ಹೇಳಿ."

ಸುಮ್ಮನಿದ್ದಳು.

"ಸರಿ, ಅಣ್ಣನವರ ಹುಟ್ಟಿದ ತಾರೀಖು ನೋಡೋಣ. ಹದಿನೇಳು, ಅಲ್ವಾ? ತಾಯಿ ಹೆಸರು ನಮ್ಮಲ್ಲಿ ಬೇರೆ ಏನೋ ಇದೆ, ಓದ್ಲಾ?"

ಓದಿದ. ಯಾರೋ ಊರಿಗೇ ಗೊತ್ತಿಲ್ಲದ ಹೆಂಗಸನ್ನು ಅವರ ಅಮ್ಮನ ಜಾಗದಲ್ಲಿ ತಂದು ಕೂರಿಸಿದ. ಅದನ್ನೂ ಬಿಟ್ಟಳು. ಅಮ್ಮ ಇದ್ದಿದ್ದರೆ ಇದಕ್ಕೆ ಬೇಸರ ಪಡುತ್ತಿರಲಿಲ್ಲ. ವಿಚಿತ್ರವೆಂದರೆ ಮೂರನೆಯ ಕಲ್ಲಿನ ಹೊತ್ತಿಗೆ ಅವಳಿಗೆ ಹಗುರವೆನಿಸಿತು. ಇಷ್ಟು ವರ್ಷ ಸುಮ್ಮನಿರುವುದೆಂದರೆ ಸೋಲುವುದು ಎಂದುಕೊಂಡಿದ್ದಳು. ಈಗ ಆಚೆ ತುದಿಯಲ್ಲಿ ಆ ನಯವಾದ ದನಿ ಒಂದೊಂದೇ ಕಲ್ಲು ಬಾಯಿಗೆ ಹಾಕಿಕೊಂಡು, ನುಂಗಲಾರದೆ ಉಗುಳಲಾರದೆ, ಮೇಡಂ ಮೇಡಂ ಎನ್ನುತ್ತಿತ್ತು. ಟೈಪು ಮಾಡುವ ಸದ್ದು ಮಾತ್ರ ಹಿಂದೆ ಒಂದೇ ಸಮ ನಡೆದಿತ್ತು. ಸೋಮವಾರವೂ ಇದೇ ಲಯ, ಇದೇ ಜಾಗದಲ್ಲಿ ಇದೇ ಕೆಮ್ಮು, ಇದೇ ಕಡತ ಕೇಳುವ ದನಿ. ತಾಳೆಯಾಯಿತು. ಅಲ್ಲಿ ಯಾರೂ ಇಲ್ಲ, ಒಂದು ಟೇಪು ತಿರುಗುತ್ತಿದೆ ಅಷ್ಟೆ.

"ನೋಡೀಮ್ಮ," ದನಿಯ ನಯ ಕಿತ್ತುಹೋಯಿತು, "ಈಗ ಆ ಆರು ಅಂಕಿ ಹೇಳದಿದ್ರೆ ಹನ್ನೆರಡು ಗಂಟೆಗೆ ನಿಮ್ಮಣ್ಣನ ಭತ್ಯೆ ರದ್ದು. ಕುರುಡನ ಅನ್ನ ಕಿತ್ಕೊಂಡ ಪಾಪ ನಿಮಗೆ ಬರುತ್ತೆ."

ಸೋಮವಾರ ಆಗಿದ್ದರೆ ಈ ಮಾತಿಗೆ ಕುಸಿದುಬಿಡುತ್ತಿದ್ದಳು. ಎರಡು ದಿನ ಇದೇ ಮಾತನ್ನು ತನಗೆ ತಾನೇ ಹೇಳಿಕೊಂಡು ಸವೆಸಿಟ್ಟಿದ್ದಳು. ಅವನ ಬಾಯಲ್ಲಿ ಕೇಳಿದಾಗ ಅದು ಯಾರೋ ಬಿಸಾಡಿದ ಹಳೆಯ ಚಪ್ಪಲಿಯಂತಿತ್ತು.

"ನೀವು ಭತ್ಯೆ ಕಚೇರಿಯಿಂದಲೇ ಮಾತಾಡ್ತಾ ಇರೋದಾ?" ಎಂದಳು. ತನ್ನ ದನಿ ಓದಮ್ಮನದರಂತೆ ಗಟ್ಟಿಯಾಗಿದ್ದದ್ದು ಅವಳಿಗೇ ಕೇಳಿಸಿತು.

"ಮತ್ತೆ? ಕಿಟಕಿ ಹತ್ರ ಕೂತು ಮಾತಾಡ್ತಿದೀನಿ."

"ಎಷ್ಟನೇ ಕಿಟಕಿ?"

ಅವನು ತಡವರಿಸಿದ. "ನಾಲ್ಕನೇದು."

"ನಾನು ಇಲ್ಲೇ ನಿಂತಿದೀನಿ ಸ್ವಾಮಿ, ಒಂದನೇ ಕಿಟಕಿ ಮುಂದೆ. ಇರೋದು ಎರಡು. ಎರಡನೇದಕ್ಕೆ ರಟ್ಟು ಇಟ್ಟಿದ್ದಾರೆ. ನಾಲ್ಕನೇದು ಗೋಡೆ ಆಚೆಗೆ ಬರುತ್ತೆ. ಅಲ್ಲಿರೋದು ಶೌಚಾಲಯ. ಅದರಲ್ಲಿ ಕೂತಿದೀರಾ?"

ಮುದುಕ ಕೊಡೆ ಊರಿಕೊಂಡು ಹೋ ಎಂದು ನಕ್ಕ. ಸಾಲಿನ ಆಚೀಚೆಯವರು ತಿರುಗಿದರು. ಆಚೆ ತುದಿಯಲ್ಲಿ ಟೇಪು ಮಾತ್ರ ಟಕಟಕ ಎನ್ನುತ್ತಿತ್ತು. "ಇನ್ನೊಂದು ಮಾತು" ಎಂದಳು. "ತಪ್ಪು ಆರಿಸೋದು ನನ್ನ ಕಸುಬು. ಅದಕ್ಕೆ ಸಂಬಳ ತಗೋತೀನಿ. ಒಂದು ಸಲ ನಿಮಗೆ ಪುಕ್ಕಟೆ ಆರಿಸಿಕೊಟ್ಟೆ. ಇನ್ನು ಕೊಡಲ್ಲ." ಫೋನು ಸತ್ತಿತು. ಅವಳು ಇಡುವ ಮೊದಲೇ ಅವನು ಇಟ್ಟಿದ್ದ. ಹನ್ನೆರಡು ವರ್ಷದಲ್ಲಿ ಯಾರೂ ಅವಳಿಗೆ ಹೆದರಿ ಓಡಿದ್ದಿಲ್ಲ. ಈ ಹೊಸ ರುಚಿಯನ್ನು ಚಪ್ಪರಿಸಬೇಕೋ ಬೇಡವೋ ತಿಳಿಯದೆ ಒಂದು ಗಳಿಗೆ ಹಾಗೇ ನಿಂತಳು. ಸ್ವಲ್ಪ ಚಪ್ಪರಿಸಿದಳು.

"ನನಗೂ ಬಂದಿತ್ತಮ್ಮ ಈ ಫೋನು" ಎಂದ ಮುದುಕ, ನಗು ನಿಂತ ಮೇಲೆ, ಕೊಡೆಯ ಹಿಡಿಕೆಯನ್ನು ನೋಡುತ್ತ. "ಎಲ್ಲಾ ಹೇಳ್ಬಿಟ್ಟೆ. ಮಗಳಿಗೆ ಗೊತ್ತಿಲ್ಲ." ಹಿಂದಿನಿಂದ ಯಾರೋ, "ನಮ್ಮತ್ತೆಗೂ" ಎಂದರು. ತಾನೊಬ್ಬಳೇ ಎಂದುಕೊಂಡು ಎರಡು ದಿನ ಹೊತ್ತು ತಿರುಗಿದ್ದ ನಾಚಿಕೆ ಈ ಸಾಲಿನ ಉದ್ದಕ್ಕೂ, ಒಬ್ಬೊಬ್ಬರ ಚೀಲದಲ್ಲೂ, ಟವಲು ಸುತ್ತಿಕೊಂಡು ಕೂತಿತ್ತು.

ಅವಳ ಸರದಿ ಬಂತು. "ಜೋರಾಗಿ ಹೇಳಿ" ಎಂದಳು ಗುಮಾಸ್ತೆ. ತಪ್ಪನ್ನು ಜೋರಾಗಿಯೇ ಹೇಳಿದಳು. ಗುಮಾಸ್ತೆ ಮೂಗೊರೆಸಿಕೊಂಡಳು. "ನಾವು ಯಾರಿಗೂ ಫೋನ್ ಮಾಡಿ ಸಂಖ್ಯೆ ಕೇಳಲ್ಲಮ್ಮ. ಏನಾದ್ರೂ ಬೇಕಿದ್ರೆ ಕಾಗದ ಬರುತ್ತೆ, ಇಲ್ಲ ನೀವೇ ಬರ್ತೀರ. ಸಂಖ್ಯೆ ಹೇಳಿ."

ಬಾಯಿ ತೆರೆದಳು. ಮುಚ್ಚಿದಳು. "ಬರೆದು ಕೊಡ್ತೀನಿ."

"ಹೇಳಿದ್ರೆ ಆಗಲ್ವಾ? ಹಿಂದೆ ಎಷ್ಟು ಜನ ಇದ್ದಾರೆ ನೋಡಿ."

"ಅವರು ಇದ್ದಾರೆ ಅಂತಲೇ."

ಗುಮಾಸ್ತೆ ಗಾಜಿನ ಮೂಲಕ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ಇವಳು ಚೀಲದಿಂದ ರದ್ದಾದ ಲೇಬಲ್ಲು ಕರಡೊಂದನ್ನು ತೆಗೆದು, ಎಡಗೈ ಅಡ್ಡ ಹಿಡಿದು, ಹಾಳೆಯ ಬೆನ್ನಿನ ಮೇಲೆ ಹತ್ತು ಅಂಕಿ ಬರೆದು ಕಂಡಿಯೊಳಗೆ ಜಾರಿಸಿದಳು. ತಾನು ಅಣ್ಣನ ಪರವಾಗಿ ಸಹಿ ಹಾಕುವವಳೆಂಬ ಪತ್ರವನ್ನೂ ಜೊತೆಗಿಟ್ಟಳು. ಗುಮಾಸ್ತೆ ಕೀಲಿಗಳನ್ನು ಒತ್ತಿದಳು, ನಿಲ್ಲಿಸಿದಳು, ಪರದೆಗೆ ಹತ್ತಿರ ಬಾಗಿದಳು. ದನಿ ತಾನಾಗಿ ತಗ್ಗಿತು. "ಹತ್ತು ಐವತ್ತೆಂಟಕ್ಕೆ ಯಾರೋ ಅರ್ಜಿ ಹಾಕಿದ್ದಾರೆ. ಭತ್ಯೆ ಬೇರೆ ಖಾತೆಗೆ ಹೋಗಲಿ ಅಂತ. ಆರು ಅಂಕಿ ಸಿಗದೆ ನಿಂತಿದೆ." ಅವಳ ಕಡೆ ತಿರುಗಿ, "ಕೊಟ್ಟಿಲ್ಲ ತಾನೆ?"

"ಇಲ್ಲ."

ಆ ಇಲ್ಲ ಎಂಬ ಎರಡಕ್ಷರವನ್ನು ಅವಳು ಕೆಂಪು ಪೆನ್ಸಿಲಿನಿಂದ ಟಿಕ್ಕು ಹಾಕಿದಂತೆ ಹೇಳಿದಳು. ಅರ್ಜಿ ರದ್ದಾಯಿತು. ಹಳೆಯ ಸಂಖ್ಯೆ ಸತ್ತಿತು. ಹೊಸದು ಮೊಹರು ಮಾಡಿದ ಲಕೋಟೆಯಲ್ಲಿ ಕಂಡಿಯಿಂದ ಹೊರಬಂತು. "ಚೀಟಿ ವಾಪಸ್ ಕೊಡಿ" ಎಂದು ಇವಳು ಕೈ ಚಾಚಿದಳು. ಕೊಟ್ಟದ್ದನ್ನು ಸಣ್ಣ ಸಣ್ಣ ಚೂರು ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಹನ್ನೆರಡು ಸಾವಿರ ಚೂರು ಮಾಡಿದ ಕೈಗೆ ಇದೊಂದು ಏನು ಮಹಾ.

ತಿರುಗಿದರೆ ಮುದುಕ ಇನ್ನೂ ಅಲ್ಲೇ. ಅವನ ಕೆಲಸ ಅವಳಿಗಿಂತ ಮೊದಲೇ ಮುಗಿದಿತ್ತು, ಆದರೂ ಹೋಗಿರಲಿಲ್ಲ. "ನಂಗೂ ಹೊಸದು ಬೇಕಮ್ಮ. ನಾಚಿಕೆಯಿಂದ ಏನೂ ಕೇಳದೆ ಬರೀ ಸಹಿ ಹಾಕಿ ಬಂದ್ಬಿಟ್ಟೆ. ನಂಗೊಂದು ಚೀಟಿ ಕೊಡು." ಊರುಗೋಲಿನವಳು, "ಇತ್ಲಾಗೆ ಒಂದು" ಎಂದಳು. ಚೀಲದಲ್ಲಿ ಕೆಮ್ಮಿನ ಔಷಧದ ರದ್ದು ಕರಡು ಒಂದು ಕಟ್ಟೇ ಇತ್ತು. ಹಾಲಿನ ಲೆಕ್ಕ ಬರೆಯಲು ಮನೆಗೆ ಒಯ್ಯುವಂಥದ್ದು. ಹಂಚಿದಳು. ಊರುಗೋಲಿನವಳು, "ನೀನೇ ಬರ್ಕೊಡು, ನನ್ನ ಕೈ ನಡುಗುತ್ತೆ" ಎಂದು ಕಿವಿಯ ಬಳಿ ಬಾಗಿದಾಗ ಹಿಂದೆ ಸರಿದಳು. "ಹೆಸರು ನಾನು ಬರೀತೀನಿ ಅಕ್ಕ. ಸಂಖ್ಯೆ ಮಾತ್ರ ನೀವೇ. ನಡುಗಿದ್ರೂ ಪರವಾಗಿಲ್ಲ." ಬಾಗಿಲಲ್ಲಿ ನಿಂತು ಒಮ್ಮೆ ಹಿಂದಿರುಗಿ ನೋಡಿದಳು. ಸಾಲಿನವರೆಲ್ಲ ಗೋಡೆಗೆ, ತೊಡೆಗೆ, ಒಬ್ಬರ ಬೆನ್ನಿಗೆ ಒಬ್ಬರು ಚೀಟಿ ಇಟ್ಟುಕೊಂಡು, ಎಡಗೈ ಅಡ್ಡ ಹಿಡಿದು ಬರೆಯುತ್ತಿದ್ದರು, ಪಕ್ಕದವರು ಕದಿಯದಂತೆ, ಪರೀಕ್ಷೆಗೆ ಕೂತ ಮಕ್ಕಳ ಹಾಗೆ. ಕಚೇರಿಯಲ್ಲಿ ಕೂಗಾಟ ನಿಂತುಹೋಗಿತ್ತು. ಗುಮಾಸ್ತೆ ಸೀನಿದ್ದು ಮಾತ್ರ ಕೇಳಿಸಿತು.

ಮುದ್ರಣಾಲಯದಲ್ಲಿ ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಕರಡಲ್ಲೇ ಸಿಕ್ತಾ?" ಅವಳು ಹೌದೆಂದು ತಲೆಯಾಡಿಸಿ, ಫೋನಿನ ವಿಷಯ ಎರಡು ಮಾತಲ್ಲಿ ಹೇಳಿದಳು. ಅವನು ಯಂತ್ರ ಚಾಲು ಮಾಡಿದ, ಆಮೇಲೆ, ಸದ್ದಿನ ಮರೆಯಲ್ಲಿ, ಅವಳಿಗೆ ಕೇಳಿಸದಿದ್ದರೂ ಸರಿ ಎನ್ನುವ ಹಾಗೆ, "ನನ್ನದು ಅಚ್ಚಾಗಿ ಹೋಯ್ತು, ಹೋದ ವರ್ಷ. ನಮ್ಮಮ್ಮನ ಭತ್ಯೆ" ಎಂದ. ಓದಮ್ಮ ಏನೂ ಕೇಳಲಿಲ್ಲ. ಮೂಲಪ್ರತಿ ಎತ್ತಿಕೊಂಡು, ಮೊದಲ ಸಾಲಿನಲ್ಲೇ ಕಲ್ಲು ಹಾಕಿದಳು. "ಆರು" ಎಂದಳು ಇವಳು ಥಟ್ಟನೆ. "ಬಂದ್ಲು ನಮ್ಮ ಭೂತಗನ್ನಡಿ" ಎಂದು ಓದಮ್ಮ ಪುಟ ಮಗುಚಿದಳು.

ಸಂಜೆ ಅಣ್ಣ ಕುರ್ಚಿಯೊಂದರ ಒಡಲು ಹೆಣೆಯುತ್ತಿದ್ದ. ಅವಳು ಚಪ್ಪಲಿ ಬಿಟ್ಟು ನೇರ ಅವನೆದುರು ಕೂತು, ಕೈಕಾಲು ತೊಳೆಯುವ ಮೊದಲೇ, ಸೋಮವಾರದಿಂದ ಶುರುಮಾಡಿ ಎಲ್ಲ ಹೇಳಿದಳು. ಅವನ ಬೆರಳುಗಳು ನಡುವೆ ನಿಲ್ಲಲಿಲ್ಲ. ಶೌಚಾಲಯದ ಮಾತಿಗೆ ಮಾತ್ರ ಬೆತ್ತ ಕೈಬಿಟ್ಟು ನಕ್ಕ.

"ಸೋಮವಾರ ಫೋನ್ ಇಟ್ಟ ಮೇಲೆ ಹಾಡು ಗುನುಗಿದೆ" ಎಂದ. "ಮಂಗಳವಾರ ಬಂದೋಳು ಎರಡು ಸಲ ಕೈ ತೊಳ್ಕೊಂಡೆ. ಏನೋ ಆಗಿದೆ ಅಂತ ಗೊತ್ತಾಯ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ನೀನು ಉಪ್ಪು ಸಾಕಾ ಅಂದ್ಯಲ್ಲ. ಸಾಕು ಅಂದೆ."

ಅವಳು ಲಕೋಟೆ ಒಡೆದು, ಅವನ ಕಿವಿಗೆ ಬಾಯಿಟ್ಟು, ಒಂದೇ ಒಂದು ಸಲ ಪಿಸುಗುಟ್ಟಿದಳು. ಅವನಿಗೆ ಎರಡನೆಯ ಸಲ ಬೇಕಾಗುವುದಿಲ್ಲ. ಕಾಗದವನ್ನು ತೊಟ್ಟಿಯ ನೀರಿಗೆ ಬಿಟ್ಟು ಬೆರಳಿನಿಂದ ಕಲಕಿದಳು. ಶಾಯಿ ಹೊಗೆಯ ಹಾಗೆ ಬಿಟ್ಟುಕೊಂಡು ಬೆತ್ತದ ಸೀಳುಗಳ ನಡುವೆ ಕರಗಿತು. ಆಮೇಲೆ ಎಂದಿನಂತೆ ಒಂದು ಸೀಳಿನ ತುದಿ ಬಿಗಿಯಾಗಿ ಹಿಡಿದು ಕೂತಳು. ಅಣ್ಣ ಇನ್ನೊಂದು ತುದಿಯನ್ನು ಹೆಣಿಗೆಯ ಕಣ್ಣಿನೊಳಗೆ ತೂರಿಸುತ್ತ, ಯಾವುದೋ ಯೋಚನೆಯಲ್ಲಿರುವವನಂತೆ, ಹೊಸ ಸಂಖ್ಯೆಯನ್ನು ತನ್ನಷ್ಟಕ್ಕೆ ಹೇಳಿಕೊಳ್ಳತೊಡಗಿದ. ಮೊದಲ ನಾಲ್ಕು ಸರಿ. ಐದನೆಯದು ತಪ್ಪು.

"ಹೀಗೇ ಅಲ್ವಾ ತಂಗೀ?" ಎಂದ.

ಅವಳ ತುಟಿ ಬಿಚ್ಚಿತು. ನೆನೆದ ಬೆತ್ತ ಎರಡು ಕೈಗಳ ನಡುವೆ ಕಿರ್ರೆಂದಿತು. ಬೀದಿಯಲ್ಲಿ ಯಾವುದೋ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ಅವಳು ತುಟಿ ಮುಚ್ಚಿ, ಸೀಳನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದಳು.

ಅಣ್ಣ ಕಾದ. ಎರಡು ಕಣ್ಣು ಹೆಣೆಯುವಷ್ಟು ಹೊತ್ತು ಕಾದ. ಆಮೇಲೆ ಅವನ ಮುಖದ ಮೇಲೆ ನಗು ನಿಧಾನವಾಗಿ, ಮೂಲೆಯಿಂದ ಮೂಲೆಗೆ, ಹರಡಿತು.

"ಸರಿ" ಎಂದ. "ಈಗ ಆ ಕಡೆ ತುದಿ ಕೊಡು."